ತೆಳ್ಳಗಿದ್ದ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಹೇಗೆ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 48 ವರ್ಷ. ಎರಡು ಎಕರೆ ಒಣ ಹೊಲ ಇದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗ್ತಾರೆ. ಹೋದ ತಿಂಗಳು ಊರಲ್ಲಿದ್ದಾಗ ನಸುಕಿನಲ್ಲಿ ಎದೆನೋವು ಬಂತು. ಊರ ಡಾಕ್ಟ್ರು ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ರು. ಕಲಬುರಗಿ ಮುಟ್ಟೋ ಹೊತ್ತಿಗೆ ಸಂಜೆ ಆಗಿತ್ತು. ಸ್ಟೆಂಟ್ ಹಾಕಿದ್ರು. ಮನೆಗೆ ಕಳಿಸೋವಾಗ ‘ಎಣ್ಣೆ ಕಮ್ಮಿ ತಿನ್ನಿ, ದಿನಾ ಅರ್ಧ ತಾಸು ವಾಕಿಂಗ್ ಮಾಡಿ, ಟೆನ್ಷನ್ ತಗೋಬೇಡಿ’ ಅಂದ್ರು. ದಿನಕ್ಕೆ ಹತ್ತು ತಾಸು ಇಟ್ಟಿಗೆ ಹೊರೋರಿಗೆ ವಾಕಿಂಗ್ ಅಂದ್ರೆ ನಗು ಬರುತ್ತೆ. ಮೈಯಲ್ಲಿ ಕೊಬ್ಬೇ ಇಲ್ಲ. ತಂಬಾಕು ಹಾಕ್ತಾರೆ, ಅಷ್ಟೇ. ಇದು ದೊಡ್ಡೋರ ರೋಗ ಅಲ್ವಾ? ನಮ್ಮಂಥವರಿಗೆ ಯಾಕೆ? ಸಂಕ್ರಾಂತಿ ಆದ ಮೇಲೆ ಮತ್ತೆ ಬೆಂಗಳೂರಿಗೆ ಹೋಗ್ತೀನಿ ಅಂತಿದ್ದಾರೆ. ಕಳಿಸಬಹುದಾ?

ಉತ್ತರ: ವಾಕಿಂಗ್ ಮಾತು ಓದಿ ನನಗೂ ನಗು ಬಂತು ತಂಗಿ. ಆಮೇಲೆ ನಾಚಿಕೆ ಆಯ್ತು. ಅದೇ ಮಾತನ್ನು ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಕೆಲವು ವರ್ಷದ ಹಿಂದೆ ಚಿತ್ತಾಪುರ ಕಡೆಯ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವ ಒಬ್ಬರು ನನ್ನೆದುರು ಕೂತಿದ್ದರು. ನಾನು ಚೀಟಿ ಬರೆಯುತ್ತಾ, ತಲೆ ಎತ್ತದೇ, ‘ದಿನಾ ಅರ್ಧ ತಾಸು ನಡೀರಿ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನಾ ಎಷ್ಟ್ ನಡೀಲ್ರಿ ಸಾಹೇಬ್ರ?’ ಎಂದರು. ಖಣಿಗೆ ಹೋಗೋಕೆ ನಾಲ್ಕು ಮೈಲಿ, ಬರೋಕೆ ನಾಲ್ಕು ಮೈಲಿ ನಡೆಯುತ್ತಿದ್ದ ಮನುಷ್ಯ. ಆವತ್ತಿನಿಂದ ಚೀಟಿಗೆ ಪೆನ್ನು ಹಚ್ಚುವ ಮೊದಲು ‘ಏನು ಕೆಲಸ ಮಾಡ್ತೀರಿ’ ಅಂತ ಕೇಳುವುದು ರೂಢಿ ಆಗಿದೆ.

ವಾಕಿಂಗ್ ಸಲಹೆ ಕೂತು ಕೆಲಸ ಮಾಡುವವರಿಗಾಗಿ ಹುಟ್ಟಿದ್ದು. ಮೈಮುರಿದು ದುಡಿದರೆ ಬೊಜ್ಜು, ಸಕ್ಕರೆ ಹತೋಟಿಯಲ್ಲಿರುತ್ತವೆ, ನಿಜ. ಆದರೆ ಆ ದುಡಿಮೆ ತಂಬಾಕಿನಿಂದಾಗಲಿ ಬಿಪಿಯಿಂದಾಗಲಿ ಯಾರನ್ನೂ ಕಾಪಾಡುವುದಿಲ್ಲ. ಭಾರ ಎತ್ತುವಾಗ ಬಿಪಿ ಏರುತ್ತದೆ. ಬಿಡುವು, ನಿದ್ದೆ ಸಿಕ್ಕರೆ ಇಳಿಯುತ್ತದೆ. ಹತ್ತು ತಾಸು ಇಟ್ಟಿಗೆ ಹೊತ್ತು, ತಗಡಿನ ಶೆಡ್ಡಿನಲ್ಲಿ ಸೊಳ್ಳೆ ಹೊಡೆಯುತ್ತಾ ಮಲಗುವವರ ಬಿಪಿಗೆ ಇಳಿಯೋಕೆ ಪುರುಸೊತ್ತೇ ಇರುವುದಿಲ್ಲ.

ಇನ್ನು ‘ದೊಡ್ಡೋರ ರೋಗ’ ಅನ್ನುವ ಮಾತು. ಒಂದು ಕಾಲಕ್ಕೆ ಅದರಲ್ಲಿ ಹುರುಳಿತ್ತು. ಸಿಗರೇಟು, ತುಪ್ಪ, ಕೂತು ಉಣ್ಣುವ ಬದುಕು ಎಲ್ಲ ಮೊದಲು ಸಿಕ್ಕಿದ್ದು ದುಡ್ಡಿದ್ದವರಿಗೇ, ರೋಗವೂ ಮೊದಲು ಅವರಿಗೇ ಬಂತು. ಆಮೇಲೆ ಅವರು ತಿಳಿದುಕೊಂಡರು, ಬಿಟ್ಟರು, ಗುಳಿಗೆ ಹಿಡಿದರು. ರೋಗ ಮೆಲ್ಲಗೆ ಕೆಳಗಿನವರ ಕಡೆ ಸರಿಯಿತು. ಇಂಗ್ಲೆಂಡಿನಲ್ಲಿ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಎಲ್ಲರಿಗೂ ನೌಕರಿ ಇತ್ತು, ತಿಂಗಳ ಪಗಾರ ಇತ್ತು, ಉಪವಾಸ ಮಲಗುವವರು ಯಾರೂ ಇರಲಿಲ್ಲ. ಆದರೂ ಜವಾನರಂಥ ಕೆಳಗಿನ ದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದ ಮೇಲೂ ಆ ಅಂತರದ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿಯಿತು. ಉಳಿದದ್ದು ಯಾವುದರಿಂದ ಅಂತ ಹುಡುಕುತ್ತಾ ಹೋದವರಲ್ಲಿ ಮೈಕೆಲ್ ಮಾರ್ಮಟ್ ಮುಖ್ಯರು. ಮುಂದೆ ಅವರದೇ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ವರದಿ ಕೊಟ್ಟಿತು. ಹುಟ್ಟುವ, ಬೆಳೆಯುವ, ದುಡಿಯುವ, ಮುಪ್ಪಾಗುವ ಪರಿಸ್ಥಿತಿಯೇ ಆರೋಗ್ಯವನ್ನು ಬಹುಪಾಲು ತೀರ್ಮಾನ ಮಾಡುತ್ತದೆ ಅಂತ ಅದರ ಸಾರ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಲೆಕ್ಕ ಒಂದಿದೆ. 17 ದೇಶಗಳ ಸುಮಾರು ಒಂದೂವರೆ ಲಕ್ಷ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ಯೂರ್ ಅಧ್ಯಯನ. ಭಾರತವೂ ಅದರಲ್ಲಿತ್ತು. 2014ರಲ್ಲಿ ಬಂದ ಅದರ ಫಲಿತಾಂಶ ನೋಡಿ ನಾವೆಲ್ಲ ಕಣ್ಣುಜ್ಜಿಕೊಂಡೆವು. ಕೊಲೆಸ್ಟರಾಲ್, ಬೊಜ್ಜು ಮುಂತಾದ ಅಪಾಯಗಳ ಒಟ್ಟು ಹೊರೆ ಜಾಸ್ತಿ ಇದ್ದದ್ದು ಶ್ರೀಮಂತ ದೇಶಗಳಲ್ಲಿ. ಹೃದಯಾಘಾತ ಮತ್ತು ಸಾವು ಜಾಸ್ತಿ ಇದ್ದದ್ದು ಬಡ ದೇಶಗಳಲ್ಲಿ. ತಪ್ಪು ಕಡಿಮೆ, ಶಿಕ್ಷೆ ಜಾಸ್ತಿ! ಅಂದರೆ ನಿಮ್ಮಪ್ಪ ಏನು ತಿಂದರು ಅನ್ನುವುದರ ಜೊತೆಗೆ ಅವರಿಗೆ ಏನೇನು ಸಿಗಲಿಲ್ಲ ಅಂತಲೂ ಕೇಳಬೇಕು.

ಶುರುವಿನಿಂದ ನೋಡೋಣ. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ನಿಮ್ಮಜ್ಜಿಗೆ ಹೊಟ್ಟೆ ತುಂಬ ಊಟ ಸಿಗುತ್ತಿತ್ತಾ? ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಮಕ್ಕಳ ತೂಕವನ್ನು ಹಳೇ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನಕ್ಕೆ ಹೃದ್ರೋಗ ಇತ್ತು. 3.1 ಕಿಲೋಗಿಂತ ಜಾಸ್ತಿ ಇದ್ದವರಲ್ಲಿ ನೂರಕ್ಕೆ 3. ಈ ಫಲಿತಾಂಶ ಅಚ್ಚಾದದ್ದು 1996ರಲ್ಲಿ. ಪುಣೆಯ ಡಾ. ಯಾಜ್ಞಿಕ್ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ನಮ್ಮ ಸಣ್ಣ ತೂಕದ ಮಕ್ಕಳಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಅಷ್ಟು ಕಡಿಮೆ ಆಗಿರುವುದಿಲ್ಲ. ಹೊರಗಿನಿಂದ ತೆಳ್ಳಗೆ ಕಾಣುವ ಮೈಯೊಳಗೆ ಹೊಟ್ಟೆಯ ಸುತ್ತ ಕೊಬ್ಬು ಕೂತಿರಬಹುದು. ಹಾಗಾಗಿ ‘ಮೈಯಲ್ಲಿ ಕೊಬ್ಬೇ ಇಲ್ಲ’ ಅನ್ನುವುದನ್ನು ಕಣ್ಣಳತೆಯಲ್ಲಿ ಹೇಳೋಕೆ ಬರುವುದಿಲ್ಲ.

ಆಮೇಲೆ ಶಾಲೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75, ಯಾದಗಿರಿ ಜಿಲ್ಲೆಯದು ಸುಮಾರು 52. ರಾಜ್ಯದಲ್ಲೇ ಕಡೆಯ ಸ್ಥಾನ. ಅಕ್ಷರಕ್ಕೂ ಹೃದಯಕ್ಕೂ ಏನು ಸಂಬಂಧ ಅಂದರೆ, ಬಹಳ. ಅದೇ ಪ್ಯೂರ್ ಅಧ್ಯಯನದ 2019ರ ವರದಿ ಪ್ರಕಾರ ಬಡ ದೇಶಗಳಲ್ಲಿ ಓದು ಕಡಿಮೆ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಎರಡೂ ಜಾಸ್ತಿ. ಓದು ಇಲ್ಲದವರಿಗೆ ಕೆಲಸ ಸಿಗುವುದು ಬಿಸಿಲಲ್ಲಿ, ಕೂಲಿಯ ಮೇಲೆ. ರಜೆ ಹಾಕಿದರೆ ಆ ದಿನದ ಒಲೆ ಹೊತ್ತುವುದಿಲ್ಲ. ದವಾಖಾನೆಯ ಚೀಟಿ ಓದಿ ಹೇಳೋಕೆ ಮಗಳು ಶಾಲೆ ಬಿಟ್ಟು ಬರಬೇಕು.

‘ತಂಬಾಕು ಹಾಕ್ತಾರೆ, ಅಷ್ಟೇ’ ಅಂತ ಬರೆದಿದ್ದೀರಿ. ಆ ‘ಅಷ್ಟೇ’ ಮೇಲೆ ನನಗೆ ತಕರಾರಿದೆ. ನಿಮ್ಮಪ್ಪನ ರಕ್ತನಾಳಕ್ಕೆ ಅತಿ ಹೆಚ್ಚು ಪೆಟ್ಟು ಕೊಟ್ಟವುಗಳಲ್ಲಿ ಅದೂ ಒಂದು. ಬೀಡಿ ಸಿಗರೇಟಿಗಿಂತ ಹಗುರ ಅನ್ನುವುದು ಸುಳ್ಳು, ಜಗಿಯುವುದು ಸೇದುವುದಕ್ಕಿಂತ ವಾಸಿ ಅಂತ ನೆಮ್ಮದಿಯಿಂದ ಇರುವುದೂ ತಪ್ಪು. ಆದರೆ ಕಟ್ಟಡದ ಕೆಲಸದವರು ಯಾಕೆ ಹಾಕುತ್ತಾರೆ ಅಂತ ಕೇಳಿ ನೋಡಿ. ‘ಹಸಿವು ಸಾಯ್ತದ್ರಿ’ ಅನ್ನುತ್ತಾರೆ. ಮಧ್ಯಾಹ್ನದ ಊಟ ಮೂರು ಗಂಟೆಗೆ, ನಡುವೆ ಐದು ರೂಪಾಯಿ ಪಾಕೀಟು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬಾಯಿಗೆ ಬಿದ್ದ ಮೇಲೆ ಎರಡೂ ಸೇರಿ ಅದೇ ಗುಟ್ಕಾ. ಕಾನೂನು ಬರೆದವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಊಟದ ಬಗ್ಗೆ ಉದ್ದ ಮಾತು ಬೇಡ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬೇಳೆ ಹೃದಯಕ್ಕೆ ಒಳ್ಳೆಯದೇ. ಊರಲ್ಲಿ ಅದು ಸಿಗುತ್ತದೆ, ಬೆಂಗಳೂರಿನ ಶೆಡ್ಡಿನಲ್ಲಿ ಸಿಗುವುದು ಅನ್ನ, ಉಪ್ಪಿನಕಾಯಿ, ಸಂಜೆಗೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬಜ್ಜಿ. ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಾಕು. ಪಲ್ಯಕ್ಕೆ ದುಡ್ಡಿಲ್ಲದ ಮನೆಯಲ್ಲಿ ಉಪ್ಪು ಖಾರವೇ ಪಲ್ಯ, ಅದು ನನಗೂ ಗೊತ್ತು.

ಒಲೆಯ ಹೊಗೆ ಬೇರೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಸುವ ಮನೆಯಲ್ಲಿ ಹೊಗೆಯ ಸಣ್ಣ ಕಣ ಶ್ವಾಸಕೋಶ ದಾಟಿ ರಕ್ತಕ್ಕೆ ಸೇರುತ್ತದೆ, ರಕ್ತನಾಳ ಕೆಡಿಸುತ್ತದೆ. ಅದನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುವುದು ನಿಮ್ಮವ್ವ. ಅಂದಹಾಗೆ, ಅಪ್ಪನ ಬಗ್ಗೆ ಇಷ್ಟೆಲ್ಲ ಬರೆದಿರಿ, ಅವ್ವನ ಬಿಪಿ ಯಾವಾಗ ನೋಡಿಸಿದ್ದೀರಿ? ನಮ್ಮ ಕಡೆ ಹೆಂಗಸರು ಎದೆನೋವನ್ನು ಎಲ್ಲರ ಊಟ ಮುಗಿದ ಮೇಲೆ ಹೇಳುತ್ತಾರೆ. ಎಷ್ಟೋ ಸಲ ನೋವು ಎದೆಯಲ್ಲಿ ಬರುವುದೂ ಇಲ್ಲ. ಸುಸ್ತು, ಬೆವರು, ಉಸಿರು ಹಿಡಿದಂತೆ, ಹೊಟ್ಟೆ ತೊಳಸಿದಂತೆ ಆಗುತ್ತದೆ. ‘ಪಿತ್ತ ಆಗ್ಯಾದ’ ಅಂತ ಮಲಗುತ್ತಾರೆ.

ಇನ್ನೊಂದು ಹೃದ್ರೋಗ ಇದೆ, ಅದನ್ನು ಶ್ರೀಮಂತ ದೇಶಗಳು ಮರೆತೇ ಬಿಟ್ಟಿವೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಯಲ್ಲಿ ಮಕ್ಕಳ ಗಂಟಲು ನೋವು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಅದರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಬಂದ ನೋವಿಗೆ ಔಷಧ ಸಿಗದೇ ಹೋದರೆ ಕೆಲವು ಮಕ್ಕಳಿಗೆ ಕೀಲುಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಬೀದರ್ ಕಡೆಯಿಂದ ಬಂದ ಇಪ್ಪತ್ತೆರಡರ ಹೆಣ್ಣುಮಗಳೊಬ್ಬಳಿಗೆ ತನಗೆ ಇದಿದೆ ಅಂತ ಗೊತ್ತಾದದ್ದು ಏಳನೇ ತಿಂಗಳ ಬಸುರಿನಲ್ಲಿ, ಉಸಿರಾಡೋಕೆ ಆಗದೇ ಕೂತೇ ರಾತ್ರಿ ಕಳೆದಾಗ. ಬೇನೆ ಬೇಗ ಗೊತ್ತಾದರೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಕವಾಟ ಇನ್ನಷ್ಟು ಕೆಡದಂತೆ ತಡೆಯುತ್ತದೆ. ಅಷ್ಟು ಹಳೇ, ಅಷ್ಟು ಅಗ್ಗದ ಔಷಧ.

ಈಗ ನಿಮ್ಮಪ್ಪನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಎರಡು ಮಾತು. ಒಂದು ಬಿಪಿ. ಇನ್ನೊಂದು ಆ ದಿನ ನಸುಕಿನಿಂದ ಸಂಜೆಯವರೆಗೆ ಹೋದ ಹೊತ್ತು.

ಹಾರ್ಟ್ ಅಟ್ಯಾಕ್ ಆಗುವ ಮುಂಚೆ ಅವರ ಬಿಪಿ ಎಷ್ಟಿತ್ತು ಅಂತ ನೀವು ಬರೆದಿಲ್ಲ. ಬಹುಶಃ ಯಾರೂ ನೋಡೇ ಇಲ್ಲ. 140/90 ದಾಟಿದ ಬಿಪಿ ನೋಯುವುದಿಲ್ಲ, ಕೆಮ್ಮುವುದಿಲ್ಲ. ನೋಯದ ರೋಗಕ್ಕೆ ಒಂದು ದಿನದ ಕೂಲಿ ಯಾರು ಬಿಡುತ್ತಾರೆ? ಗೊತ್ತಾದವರದೂ ಇನ್ನೊಂದು ಕಥೆ. ಹೋದ ವರ್ಷ ಜೇವರ್ಗಿ ಕಡೆಯ ಹಿರಿಯ ಹೆಂಗಸೊಬ್ಬರು ಬಂದಿದ್ದರು. ಬಿಪಿ 190. ‘ಗುಳಿಗೆ ತಗೋತೀರಾ ಅವ್ವಾ?’ ಅಂದೆ. ‘ಹೂಂ ರೀ, ತಗೋತೀನಿ’ ಅಂತ ಸೆರಗಿನ ಗಂಟು ಬಿಚ್ಚಿದರು. ಎರಡು ನೋಟು, ಎಲೆ ಅಡಿಕೆ, ಒಂದು ಗುಳಿಗೆಯ ಪಟ್ಟಿ. ಪಟ್ಟಿ ಕೊಟ್ಟದ್ದು ಮೂರು ತಿಂಗಳ ಹಿಂದೆ, ಒಳಗೆ ಇನ್ನೂ ನಾಲ್ಕು ಗುಳಿಗೆ ಇದ್ದವು. ತಲೆ ತಿರುಗಿದ ದಿನ ಮಾತ್ರ ಒಂದು ನುಂಗುತ್ತಿದ್ದರು. ಮುಗಿದು ಹೋದರೆ ಮತ್ತೆ ಬಸ್ಸು ಹತ್ತಿ ಬರಬೇಕಲ್ಲ ಅಂತ ಉಳಿಸಿಟ್ಟಿದ್ದರು. ಆ ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಜನೌಷಧಿ ಅಂಗಡಿಯಲ್ಲಿ ಅಮ್ಲೋಡಿಪಿನ್ ಒಂದಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಖರ್ಚು ಇದ್ದದ್ದು ದಾರಿಯಲ್ಲಿ. ಮಗನ ಒಂದು ದಿನದ ಕೂಲಿ, ಸಾಲಿನಲ್ಲಿ ನಿಲ್ಲುವುದು, ‘ಇವತ್ತು ಸ್ಟಾಕ್ ಇಲ್ಲ, ಸೋಮವಾರ ಬಾ’. ಕೈಗೆ ಒಮ್ಮೆಗೇ ಎರಡು ತಿಂಗಳ ಗುಳಿಗೆ ಕೊಟ್ಟರೆ ಇಂಥವರ ಬಿಪಿ ಇಳಿಯುತ್ತದೆ ಅಂತ ನನ್ನ ನಂಬಿಕೆ. ಭಾಷಣದಿಂದ ಇಳಿದದ್ದನ್ನು ನಾನಂತೂ ನೋಡಿಲ್ಲ.

ಇನ್ನು ಆ ಹೊತ್ತು. ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕೂತು ದಾರಿ ಕಟ್ಟುವುದು. ರಕ್ತ ಸಿಗದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಮೊದಲ ಮೂರು ತಾಸಿನಲ್ಲಿ ಹೆಪ್ಪು ಕರಗಿಸಿದರೆ ಲಾಭ ಬಹಳ, ಹನ್ನೆರಡು ತಾಸು ದಾಟಿದರೆ ಕರಗಿಸುವ ಇಂಜೆಕ್ಷನ್ನಿಂದ ಹೆಚ್ಚು ಉಪಯೋಗ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನ ವೈದ್ಯರು ಮುಂದೆ ನಿಂತು ನಡೆಸಿದ ಕ್ರಿಯೇಟ್ ಅನ್ನುವ ಅಧ್ಯಯನ 2008ರಲ್ಲಿ ಬಂತು. ದೇಶದ 89 ಆಸ್ಪತ್ರೆ, ಇಪ್ಪತ್ತು ಸಾವಿರಕ್ಕೂ ಜಾಸ್ತಿ ರೋಗಿಗಳು. ಅವರಲ್ಲಿ ಅರ್ಧ ಜನ ಆಸ್ಪತ್ರೆ ಮುಟ್ಟೋಕೆ ಆರು ತಾಸು ಅಥವಾ ಅದಕ್ಕಿಂತ ಜಾಸ್ತಿ ತಗೊಂಡಿದ್ದರು. ಮೂವತ್ತು ದಿನದೊಳಗೆ ಬಡವರಲ್ಲಿ ನೂರಕ್ಕೆ 8.2 ಜನ ತೀರಿಕೊಂಡರು, ಶ್ರೀಮಂತರಲ್ಲಿ 5.5. ನನಗೆ ಮರೆಯೋಕೆ ಆಗದ್ದು ಮುಂದಿನ ಸಾಲು. ಸಿಕ್ಕ ಚಿಕಿತ್ಸೆಯ ಅಂತರವನ್ನು ಲೆಕ್ಕಕ್ಕೆ ತಗೊಂಡಾಗ ಸಾವಿನ ಅಂತರವೂ ಮಾಯ. ಬಡವರ ಹೃದಯ ಬೇರೆ ಥರ ಇರಲಿಲ್ಲ, ಅವರಿಗೆ ಸಿಕ್ಕ ಔಷಧ ಕಡಿಮೆ ಇತ್ತು.

ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಪಟ್ಟಿಯಲ್ಲಿ ಅದು ರಸ್ತೆ, ಶಾಲೆ, ನೀರಿನ ಲೆಕ್ಕ. ನಮ್ಮ ಐಸಿಯುನಲ್ಲಿ ಅದು ತಾಸುಗಳ ಲೆಕ್ಕ. ಸುರಪುರ ಕಡೆಯಿಂದ ಕಲಬುರಗಿ ನೂರು ಕಿಲೋಮೀಟರ್ ಆಸುಪಾಸು. ಆಟೋ ಹುಡುಕು, ಸಾಲ ಹುಡುಕು, ಜೊತೆಗೆ ಬರುವವರನ್ನು ಹುಡುಕು.

ಹಾಗಂತ ಏನೂ ಬದಲಾಗಿಲ್ಲ ಅನ್ನಲಾರೆ. 2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ಉತ್ತರ ಕರ್ನಾಟಕದಲ್ಲೇ. ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಬೇನೆಗೆ ಪುಕ್ಕಟೆ ಚಿಕಿತ್ಸೆ. ಯೋಜನೆ ಬಂದ ಹಳ್ಳಿಗಳನ್ನೂ, ಗಡಿಯಾಚೆ ಇನ್ನೂ ಬರದಿದ್ದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಬಡ ಕುಟುಂಬಗಳಲ್ಲಿ ಆ ರೋಗಗಳ ಸಾವು ಬಂದ ಕಡೆ ನೂರಕ್ಕೆ 0.32, ಬರದ ಕಡೆ 0.90. ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ದುಡ್ಡಿನ ಅಡ್ಡಿ ಒಂದನ್ನೇ ತೆಗೆದದ್ದಕ್ಕೆ ಇಷ್ಟು. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ತುರ್ತು ಇದ್ದಾಗ ಸರ್ಕಾರಿ ದವಾಖಾನೆಯ ರೆಫರಲ್ ಚೀಟಿಗೆ ಕಾಯಬೇಕಿಲ್ಲ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಹೊಸ ಕಟ್ಟಡಕ್ಕೆ ಬಂತು. ಮೊದಲೆಲ್ಲ ಸೊಲ್ಲಾಪುರ, ಹೈದರಾಬಾದಿಗೆ ಓಡುತ್ತಿದ್ದವರು ನಾವು.

ಅದಕ್ಕಿಂತ ನಿಮಗೆ ಹತ್ತಿರದ್ದು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ. 2023ರಲ್ಲಿ ಶುರುವಾಯಿತು. ಯೋಜನೆಯಲ್ಲಿರುವ ತಾಲ್ಲೂಕು ದವಾಖಾನೆಯಲ್ಲಿ ಇಸಿಜಿ ತೆಗೆದು ಆನ್‌ಲೈನ್ ಕಳಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಉತ್ತರ ಬರುತ್ತದೆ. ಹಾರ್ಟ್ ಅಟ್ಯಾಕ್ ಅಂತ ಖಚಿತ ಆದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಪುಕ್ಕಟೆ. ಹೊರಗೆ ಕೊಂಡರೆ ಸಾವಿರಗಟ್ಟಲೆ ಆಗುವ ಇಂಜೆಕ್ಷನ್ ಅದು. ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಆವತ್ತು ನಿಮ್ಮಪ್ಪನನ್ನು ನಸುಕಿನಲ್ಲೇ ಸೀದಾ ತಾಲ್ಲೂಕು ದವಾಖಾನೆಗೆ ಒಯ್ದು ಒಂದು ಇಸಿಜಿ ತೆಗೆಸಿದ್ದರೆ ಹೃದಯದ ಮಾಂಸ ಒಂದಿಷ್ಟು ಉಳಿಯುತ್ತಿತ್ತು. ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟವರ ಮೇಲೂ ಪೂರ್ತಿ ಹೊರಿಸಲಾರೆ, ನಡುರಾತ್ರಿ ಬಾಗಿಲು ತೆಗೆಯುವವರು ಹಳ್ಳಿಯಲ್ಲಿ ಅವರೊಬ್ಬರೇ. ಆದರೆ ಮೂವತ್ತು ದಾಟಿದ ಯಾರಿಗೇ ಆಗಲಿ ಎದೆ ಹಿಂಡಿ, ಬೆವರು ಕಿತ್ತು, ಎಡಗೈಗೋ ದವಡೆಗೋ ನೋವು ಇಳಿದರೆ ಮೊದಲು ಇಸಿಜಿ, ಆಮೇಲೆ ಗ್ಯಾಸು. 108ಕ್ಕೆ ಫೋನು. ನಡೆಸಬೇಡಿ, ಬೈಕಿನ ಮೇಲೆ ಕೂರಿಸಬೇಡಿ.

‘ಟೆನ್ಷನ್ ತಗೋಬೇಡಿ’ ಅನ್ನುವ ಸಲಹೆಗೆ ನನ್ನ ಬಳಿ ಉತ್ತರ ಇಲ್ಲ. ಸಾವಕಾರನ ಬಡ್ಡಿ, ಮಳೆ ಬಾರದ ತೊಗರಿ, ಮಗಳ ಮದುವೆ ಇವೆಲ್ಲ ಅಂಗಡಿಯಿಂದ ತಗೊಂಡ ಸಾಮಾನಲ್ಲ, ವಾಪಸು ಕೊಡೋಕೆ. ವರ್ಷಗಟ್ಟಲೆ ಮನಸ್ಸಿಗೆ ನೆಮ್ಮದಿ ಇಲ್ಲದಿದ್ದರೆ ಬಿಪಿ, ಸಕ್ಕರೆ, ನಿದ್ದೆ ಮೂರೂ ಕೆಡುತ್ತವೆ ಅನ್ನುವುದು ಮಾತ್ರ ಖರೆ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ದಿನಕ್ಕೆ ನಾಲ್ಕು ಸಲ ಅವಮಾನ ನುಂಗುವವರ ಮೈ ಅದರ ಲೆಕ್ಕ ಇಟ್ಟುಕೊಂಡೇ ಇರುತ್ತದೆ.

ಕಳಿಸಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಎಕೋ ಮಾಡಿಸಿ, ಹೃದಯ ಎಷ್ಟು ಬಲವಾಗಿ ಒತ್ತುತ್ತಿದೆ ಅಂತ ನೋಡಬೇಕು. ಅದು ಚೆನ್ನಾಗಿದ್ದರೂ ಭಾರ ಹೊರುವ ಕೆಲಸಕ್ಕೆ ಎರಡು ಮೂರು ತಿಂಗಳು ಕಾಯುವುದು ವಾಸಿ, ಅದೂ ಸ್ಟೆಂಟ್ ಹಾಕಿದ ಡಾಕ್ಟರು ಹೂಂ ಅಂದ ಮೇಲೆ. ಈ ಹೊತ್ತಿನಲ್ಲಿ ಊರಲ್ಲಿ ನಿಧಾನ ನಡೆಯುವುದಕ್ಕೆ ಅರ್ಥ ಇದೆ. ವಾಕಿಂಗ್ ಸಲಹೆ ನಿಮ್ಮಪ್ಪನಿಗೆ ಒಪ್ಪುವುದು ಈಗ ಮಾತ್ರ! ಆಮೇಲೂ ಇಟ್ಟಿಗೆ ಹೊರುವುದಕ್ಕಿಂತ ವಾಚ್‌ಮನ್, ನೀರು ಹೊಡೆಯುವುದು, ಸ್ಟೋರು ನೋಡಿಕೊಳ್ಳುವಂಥದ್ದು ಸಿಗುತ್ತಾ ಅಂತ ಮೇಸ್ತ್ರಿಯನ್ನು ಕೇಳಿ. ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿದ್ದೀರಾ? ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಮೇಸ್ತ್ರಿಗಳು ಸಹಿ ಹಾಕೋಕೆ ಮುಖ ತಿರುಗಿಸುತ್ತಾರೆ. ಬೆನ್ನು ಹತ್ತಿ ಹಾಕಿಸಿಕೊಳ್ಳಿ, ಆಸ್ಪತ್ರೆ ಖರ್ಚಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ನೆರವು ಕೇಳಬಹುದು.

ಗುಳಿಗೆ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆಸ್ಪಿರಿನ್ ಮತ್ತು ಅದರ ಜೊತೆಗಿನ ರಕ್ತ ತೆಳು ಮಾಡುವ ಗುಳಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪು ಕೂರಬಹುದು, ಆಗ ಬದುಕುವುದು ಕಷ್ಟ. ‘ಆರಾಮ ಆಗ್ಯಾದ, ಯಾಕ್ ತಗೋಲಿ’ ಅಂತ ಅವರು ಅಂದೇ ಅನ್ನುತ್ತಾರೆ. ಬೆಂಗಳೂರಿಗೆ ಹೋಗುವ ದಿನ ಬಂದಾಗ ಎರಡು ತಿಂಗಳ ಗುಳಿಗೆ ಚೀಲದಲ್ಲಿರಲಿ. ಡಿಸ್ಚಾರ್ಜ್ ಕಾಗದ, ಇಸಿಜಿ, ರೇಷನ್ ಕಾರ್ಡ್ ಫೋಟೊ ಅವರ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಶೆಡ್ಡಿಗೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಎಲ್ಲಿದೆ ಅಂತ ಮೊದಲೇ ಹುಡುಕಿ ಇಟ್ಟುಕೊಳ್ಳಿ, ಬಿಪಿ ಅಲ್ಲೇ ನೋಡಿಸಬಹುದು. ಅಪ್ಪನ ತಮ್ಮಂದಿರು, ನಿಮ್ಮಣ್ಣ ಇದ್ದರೆ ಅವರದೂ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಒಮ್ಮೆ ನೋಡಿಸಿ. ಇಷ್ಟು ಚಿಕ್ಕ ವಯಸ್ಸಿಗೆ ಬಂದದ್ದು ಮನೆಯಲ್ಲಿ ಇನ್ನೊಬ್ಬರಿಗೂ ಬರಬಹುದು.

ಮುಂದಿನ ತಪಾಸಣೆಗೆ ಅಪ್ಪನನ್ನು ಕರಕೊಂಡು ಬರುವಾಗ ಅವ್ವನನ್ನೂ ಕರಕೊಂಡು ಬನ್ನಿ. ಗುಳಿಗೆಯ ಖಾಲಿ ಪಟ್ಟಿಗಳನ್ನು ಎಸೆಯದೇ ಒಂದು ಚೀಲದಲ್ಲಿ ಕೂಡಿಡಿ, ಅದನ್ನೂ ತನ್ನಿ. ಎಷ್ಟು ಖಾಲಿ ಆಗಿದೆ ಅಂತ ಎಣಿಸಿ ನೋಡೋಣ.